ಪುಟುಮಾಯೋ ವಿಚಾರಣೆ: ಕಂಪನಿಯ ನಿರ್ದೇಶಕರ ಹೊಣೆಯನ್ನು ಕುರಿತ ಒಂದು ಚಾರಿತ್ರಿಕ ಪ್ರಕರಣ

೧

ಕನ್ನಡದಲ್ಲಿ ‘ಕಂಪನಿ’ ಎಂಬ ಮಾತು ಕೇವಲ ವ್ಯಾಪಾರಿಗಳ ಕೂಟವನ್ನು ಸೂಚಿಸುವ ಶಬ್ದವಾಗಿ ಬಳಕೆಗೆ ಬಂದುದಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕರಾವಳಿಯ ಕನ್ನಡ ಸೀಮೆಯೂ, ೧೮೦೦ರಲ್ಲಿ ನಿಜಾಮನು ಬಿಟ್ಟುಕೊಟ್ಟ ಬಳ್ಳಾರಿಯ ಪ್ರಾಂತವೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ವಶವಾದುವು. ಅಂದಿನಿಂದ ‘ಕಂಪನಿ ಸರ್ಕಾರ’ ಎಂಬ ಜೋಡುನುಡಿ ಜನರ ಬಾಯಲ್ಲಿ ನೆಲೆಗೊಂಡಿತು. ಲಾಭಕ್ಕಾಗಿ ಹುಟ್ಟಿದ ಸಂಸ್ಥೆಯೊಂದು ಮನುಷ್ಯರ ಮೇಲೆ ಅಧಿಕಾರ ನಡೆಸಬಹುದೆಂಬ ಸಂಗತಿ ಕನ್ನಡಿಗರಿಗೆ ಪುಸ್ತಕದಿಂದ ತಿಳಿಯಬೇಕಾದುದಾಗಿರಲಿಲ್ಲ. ಹಾಗೆ ಅಧಿಕಾರ ನಡೆಸುವಾಗ ಅನ್ಯಾಯವಾದರೆ ಉತ್ತರ ಹೇಳಬೇಕಾದವರು ಯಾರು ಎಂಬುದು ಮಾತ್ರ ಕಠಿನವಾದ ಪ್ರಶ್ನೆಯಾಗಿ ಉಳಿಯಿತು.

ಇಂಗ್ಲೆಂಡಿನ ನ್ಯಾಯಶಾಸ್ತ್ರದಲ್ಲಿ ಈ ಕಾಠಿನ್ಯವು ಬಹು ಹಿಂದೆಯೇ ಸ್ಪಷ್ಟವಾಗಿದ್ದಿತು. ೧೬೧೨ರ ಸಟನ್ ಆಸ್ಪತ್ರೆಯ ಮೊಕದ್ದಮೆಯನ್ನು ವರದಿಮಾಡುತ್ತ ಸರ್ ಎಡ್ವರ್ಡ್ ಕೋಕನು, ಕೂಡುಸಂಸ್ಥೆಯೆಂಬುದು ಕಣ್ಣಿಗೆ ಕಾಣದ, ಸಾವಿಲ್ಲದ, ಕಾನೂನಿನ ಭಾವನೆಯಲ್ಲಿ ಮಾತ್ರವೇ ಇರುವ ವ್ಯಕ್ತಿಯೆಂದೂ, ಅದಕ್ಕೆ ಆತ್ಮವಿಲ್ಲದುದರಿಂದ ಅದು ರಾಜದ್ರೋಹ ಮಾಡಲಾರದು, ಅದನ್ನು ಧರ್ಮದಿಂದ ಬಹಿಷ್ಕರಿಸಲೂ ಬಾರದು ಎಂದೂ ನಿರೂಪಿಸಿದನು. ಆಸ್ತಿಯನ್ನು ಹೊಂದುವುದಕ್ಕೂ ಲಾಭವನ್ನು ಪಡೆಯುವುದಕ್ಕೂ ಈ ವ್ಯಕ್ತಿಗೆ ಅಡ್ಡಿಯಿರಲಿಲ್ಲ. ಪಾಪದ ಲೆಕ್ಕ ಬಂದಾಗ ಮಾತ್ರ ಹಿಡಿಯುವುದಕ್ಕೆ ಮೈಯೇ ಸಿಕ್ಕುತ್ತಿರಲಿಲ್ಲ. ಆದಕಾರಣ ವಿಚಾರಣೆಯೆಲ್ಲ ಯಾವನೋ ಒಬ್ಬ ಮನುಷ್ಯನ ಮೇಲೆ ನಡೆಯಬೇಕಾಗುತ್ತಿತ್ತು. ಬಂಗಾಳದ ಆಡಳಿತವನ್ನು ಕುರಿತು ೧೭೮೮ರಲ್ಲಿ ಪಾರ್ಲಿಮೆಂಟಿನ ಮುಂದೆ ನಿಂತವನು ವಾರನ್ ಹೇಸ್ಟಿಂಗ್ಸನೇ ಹೊರತು ಕಂಪನಿಯಲ್ಲ. ೧೭೯೫ರಲ್ಲಿ ಅವನು ಬಿಡುಗಡೆ ಹೊಂದಿದುದರೊಡನೆ ಆ ವ್ಯವಹಾರ ಮುಗಿಯಿತು.

ಇಂತಹ ಸಂದರ್ಭಗಳಲ್ಲಿ ಮೇಲಿನವರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ ರೀತಿಯದು: “ಕೆಳಗಿನವರು ಮಾಡಿದರು, ನಮಗೆ ತಿಳಿಯದು.” ಇದಕ್ಕೆ ಕನ್ನಡನಾಡಿಗೆ ಸಂಬಂಧಪಟ್ಟ ಉದಾಹರಣೆಯೇ ಇದೆ. ಬಳ್ಳಾರಿಯನ್ನೂ ಕನ್ನಡ ಜಿಲ್ಲೆಯನ್ನೂ ಒಳಗೊಂಡಿದ್ದ ಮದರಾಸು ಆಧಿಪತ್ಯದಲ್ಲಿ ಕಂದಾಯದ ವಸೂಲಿಗಾಗಿ ರೈತರನ್ನು ಹಿಂಸಿಸುತ್ತಾರೆಂಬ ದೂರು ೧೮೫೪ರಲ್ಲಿ ಪಾರ್ಲಿಮೆಂಟಿನಲ್ಲಿ ಎದ್ದಿತು. ಅದೇ ವರ್ಷ ಮದರಾಸಿನಲ್ಲಿ ನೇಮಿತವಾದ ವಿಚಾರಣಾ ಸಮಿತಿಯು ೧೮೫೫ರಲ್ಲಿ ವರದಿಯನ್ನು ಒಪ್ಪಿಸಿತು. ಬೆರಳುಗಳನ್ನೂ ಕೈಕಾಲುಗಳನ್ನೂ ಎರಡು ಮರಗಳ ನಡುವೆ ಇಟ್ಟು ಹಿಂಡುವ ‘ಕಿಟ್ಟಿ’ಯ ಪ್ರಯೋಗ, ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವಿಕೆ ಮೊದಲಾದುವು ನಿಜವೆಂದು ಸಮಿತಿಯು ಕಂಡುಕೊಂಡಿತು. ಆದರೆ ತಪ್ಪನ್ನು ದೇಶೀಯ ಕೆಳನೌಕರರ ಮೇಲೆ ಹೊರಿಸಿ, ಯೂರೋಪಿಯನ್ ಅಧಿಕಾರಿಗಳನ್ನು ದೋಷಮುಕ್ತರನ್ನಾಗಿ ಮಾಡಿತು. ಹೊಡೆದ ಕೈ ಯಾವುದೆಂದು ಗೊತ್ತಾಯಿತು. ಆ ಹೊಡೆತದಿಂದ ಬಂದ ಹಣ ಎಲ್ಲಿಗೆ ಹೋಯಿತೆಂಬುದರ ಮೇಲೆ ಹೊಣೆ ನಿಲ್ಲಲಿಲ್ಲ.

ಈ ಉತ್ತರವನ್ನೇ ಐವತ್ತೆಂಟು ವರ್ಷಗಳ ಮೇಲೆ, ೧೯೧೩ರಲ್ಲಿ, ಲಂಡನಿನ ಒಂದು ರಬ್ಬರು ಕಂಪನಿಯ ನಿರ್ದೇಶಕರು ಪಾರ್ಲಿಮೆಂಟಿನ ಸಮಿತಿಯೊಂದರ ಮುಂದೆ ಹೇಳಿದರು. ಆ ಸಮಿತಿಯು ಅದನ್ನು ಒಪ್ಪಲಿಲ್ಲ. ತಿಳಿಯದೆ ಇದ್ದುದೇ ತಪ್ಪೆಂದು ಬರೆಯಿತು. ಆದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಈ ಎರಡು ಸಂಗತಿಗಳು ಹೇಗೆ ಒಟ್ಟಿಗೆ ಸಂಭವಿಸಿದುವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ವಿಷಯ.

೨

ದಕ್ಷಿಣ ಅಮೆರಿಕದ ಅಮೆಜಾನ್ ಮಹಾನದಿಗೆ ಉತ್ತರದ ಕಡೆಯಿಂದ ಬಂದು ಸೇರುವ ಉಪನದಿಗಳಲ್ಲಿ ಪುಟುಮಾಯೋ ಒಂದು. ಅದಕ್ಕೂ ಕಾಕೆಟಾ ನದಿಗೂ ನಡುವೆ ಇರುವ ಅರಣ್ಯಪ್ರದೇಶವನ್ನು ಆ ಕಾಲದಲ್ಲಿ ಪೆರು, ಕೊಲಂಬಿಯ ಎಂಬ ಎರಡು ರಾಜ್ಯಗಳು ತಮ್ಮ ತಮ್ಮದೆಂದು ಹೇಳಿಕೊಳ್ಳುತ್ತಿದ್ದುವು. ಎರಡರ ನ್ಯಾಯಾಲಯವೂ ಅಲ್ಲಿ ನಡೆಯುತ್ತಿರಲಿಲ್ಲ. ಹುಯಿಟೋಟೋ, ಬೋರಾ, ಅಂಡೋಕೆ, ಒಕಾಯ್ನ ಮೊದಲಾದ ಜನಾಂಗಗಳು ಬೇಟೆಯಿಂದಲೂ ಮರಗೆಣಸಿನ ಸಾಗುವಳಿಯಿಂದಲೂ ಬಾಳುತ್ತ, ದೊಡ್ಡ ದೊಡ್ಡ ಕೂಡುಮನೆಗಳಲ್ಲಿ ಅಲ್ಲಿ ವಾಸವಾಗಿದ್ದುವು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಾಳಿ ತುಂಬಿದ ಗಾಲಿಗಳ ಬಳಕೆ ಹೆಚ್ಚಿ, ರಬ್ಬರಿಗೆ ಲೋಕದಲ್ಲೆಲ್ಲ ಗಿರಾಕಿಯುಂಟಾಯಿತು. ಆಗ ರಬ್ಬರು ಬಹುಮಟ್ಟಿಗೆ ತೋಟದ ಬೆಳೆಯಾಗಿರಲಿಲ್ಲ. ಕಾಡಿನಲ್ಲಿ ಚದರಿದ ಮರಗಳಿಂದ ಕೂಡಿಸಬೇಕಾದ ವಸ್ತುವಾಗಿದ್ದಿತು. ಆದಕಾರಣ ಮರಗಳ ಒಡೆತನಕ್ಕಿಂತ ಮರಗಳನ್ನು ಹುಡುಕುವ ಕೈಗಳ ಒಡೆತನವೇ ಬೆಲೆಯುಳ್ಳದ್ದಾಯಿತು. ಪೆರುವಿನ ರಿಯೋಹಾ ಎಂಬ ಊರಿನಲ್ಲಿ ೧೮೬೪ರಲ್ಲಿ ಹುಟ್ಟಿ, ಟೋಪಿಗಳ ಮಾರಾಟದಿಂದ ವ್ಯಾಪಾರವನ್ನು ಪ್ರಾರಂಭಿಸಿದ್ದ ಹೂಲಿಯೋ ಸೆಸಾರ್ ಅರಾನಾ ಎಂಬುವನು ಇದನ್ನು ಚೆನ್ನಾಗಿ ಅರಿತಿದ್ದನು. ಅಮೆಜಾನಿನ ದಡದ ಇಕೀಟೋಸ್ ಪಟ್ಟಣದಲ್ಲಿ ನೆಲಸಿ, ಪುಟುಮಾಯೋ ಪ್ರದೇಶದ ಕೊಲಂಬಿಯದ ವ್ಯಾಪಾರಿಗಳನ್ನು ಒಬ್ಬೊಬ್ಬರಾಗಿ ಹೊರಡಿಸಿ, ಅಲ್ಲಿನ ರಬ್ಬರನ್ನೆಲ್ಲ ತನ್ನ ಕೈವಶ ಮಾಡಿಕೊಂಡನು. ಲಾ ಚೊರೆರಾ, ಎಲ್ ಎಂಕಾಂಟೋ ಎಂಬುವು ಅವನ ಮುಖ್ಯ ಠಾಣ್ಯಗಳಾಗಿದ್ದುವು.

೧೯೦೭ರ ಸೆಪ್ಟೆಂಬರಿನಲ್ಲಿ ಈ ವ್ಯಾಪಾರವು ಲಂಡನಿನಲ್ಲಿ ಹತ್ತು ಲಕ್ಷ ಪೌಂಡುಗಳ ಬಂಡವಾಳದ ಕಂಪನಿಯಾಗಿ ನೋಂದಾಯಿತವಾಯಿತು. ಮರುವರ್ಷ ‘ಪೆರುವಿಯನ್ ಅಮೆಜಾನ್ ಕಂಪನಿ’ ಎಂಬ ಹೆಸರನ್ನು ತಳೆಯಿತು. ಅರಾನಾನೂ ಅವನ ಬಂಧುಗಳೂ ಷೇರುಗಳ ಬಹುಭಾಗವನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಆದರೆ ಹಣ ಹಾಕುವ ಸಾರ್ವಜನಿಕರಿಗೆ ನಂಬಿಕೆ ಹುಟ್ಟಿಸುವುದಕ್ಕೆ ಇಂಗ್ಲಿಷ್ ಹೆಸರುಗಳು ಬೇಕಾಗಿದ್ದುವು. ರಾಜಾಸ್ಥಾನದಲ್ಲಿ ಪರಿಚಯವಿದ್ದ ಸರ್ ಜಾನ್ ಲಿಸ್ಟರ್-ಕೇ, ಬ್ಯಾಂಕುವ್ಯವಹಾರದ ಹೆನ್ರಿ ರೀಡ್, ಪೆರುವಿನಲ್ಲಿ ಬಹುವರ್ಷ ವಾಸಮಾಡಿದ್ದ ಜಾನ್ ರಸೆಲ್ ಗಬಿನ್ಸ್ ಮೊದಲಾದವರು ನಿರ್ದೇಶಕ ಮಂಡಲಿಯನ್ನು ಸೇರಿದರು. ಇವರಲ್ಲಿ ಲಿಸ್ಟರ್-ಕೇಗೆ ಸ್ಪ್ಯಾನಿಷ್ ಭಾಷೆ ಬಾರದು; ರಬ್ಬರಿನ ವಿಷಯವೂ ತಿಳಿಯದು. ಕಂಪನಿಯ ಕಾಗದಪತ್ರಗಳಾದರೋ ಬಹುತೇಕ ಸ್ಪ್ಯಾನಿಷಿನಲ್ಲಿಯೇ ಇದ್ದುವು.

೩

ರಬ್ಬರನ್ನು ಕೂಡಿಸುವ ವಿಧಾನವನ್ನು ಮೊದಲು ತಿಳಿದುಕೊಳ್ಳದಿದ್ದರೆ ವಿಚಾರಣೆಯ ಮರ್ಮ ತಿಳಿಯುವುದಿಲ್ಲ. ಪ್ರದೇಶವನ್ನು ಅನೇಕ ವಿಭಾಗಗಳನ್ನಾಗಿ ಮಾಡಿ, ಒಂದೊಂದು ವಿಭಾಗಕ್ಕೂ ಒಬ್ಬ ಮುಖ್ಯಸ್ಥನನ್ನು ಇಡಲಾಗಿದ್ದಿತು. ಅವನಿಗೆ ದೊರೆಯುತ್ತಿದ್ದುದು ತನ್ನ ವಿಭಾಗದಿಂದ ಬಂದ ರಬ್ಬರಿನ ಮೇಲೆ ಇಷ್ಟು ಪಾಲೆಂಬ ದಸ್ತೂರಿ. ರಬ್ಬರು ಹೆಚ್ಚಿದಷ್ಟೂ ಅವನ ಗಳಿಕೆ ಹೆಚ್ಚುತ್ತಿದ್ದಿತು. ಆ ಹೆಚ್ಚಳವನ್ನು ಹೇಗೆ ಸಾಧಿಸಿದನೆಂದು ಕೇಳುವವರು ಯಾರೂ ಇರಲಿಲ್ಲ. ಅವನ ಕೈಕೆಳಗೆ ವಿಂಚೆಸ್ಟರ್ ಬಂದೂಕುಗಳನ್ನು ಹಿಡಿದ ನೌಕರರೂ, ಚಿಕ್ಕಂದಿನಿಂದ ಕಂಪನಿಯೇ ಸಾಕಿ ತರಬೇತು ಮಾಡಿದ ಆ ಕಾಡುಜನರದೇ ಹುಡುಗರ ಪಡೆಗಳೂ ಇದ್ದುವು.

ಮೂಲನಿವಾಸಿಗಳ ಒಂದೊಂದು ಗುಂಪೂ ಗೊತ್ತಾದ ಅವಧಿಯೊಳಗೆ ಇಷ್ಟು ತೂಕದ ರಬ್ಬರನ್ನು ತಂದು ಒಪ್ಪಿಸಬೇಕಾಗಿದ್ದಿತು. ಇದಕ್ಕೆ ಪ್ರತಿಫಲವೆಂದು ಒಂದು ಅಂಗಿ, ಒಂದು ಬೋಗುಣಿ, ಮಣಿಸರ, ಕಡಮೆ ಬೆಲೆಯ ಕೋವಿ ಇಂತಹ ಪದಾರ್ಥಗಳನ್ನು ಮುಂಗಡವಾಗಿ ಕೊಟ್ಟು, ಅದನ್ನು ಸಾಲವೆಂದು ಬರೆದುಕೊಳ್ಳುತ್ತಿದ್ದರು. ತೂಕ ಕಡಮೆಯಾದರೆ ಟೇಪಿರ್ ಎಂಬ ಕಾಡುಮೃಗದ ತೊಗಲಿನಿಂದ ಹೊಸೆದ ಚಾವಟಿಯಿಂದ ಹೊಡೆಯುತ್ತಿದ್ದರು; ಇಲ್ಲವೆ ಕಾಲುಗಳನ್ನು ಮರದ ಕೋಳಕ್ಕೆ ಸಿಕ್ಕಿಸಿ ಉಪವಾಸ ಕೆಡವುತ್ತಿದ್ದರು. ಓಡಿಹೋದವರನ್ನು ಹಿಡಿಯಲು ಬೇಟೆಯಂತೆ ದಂಡಯಾತ್ರೆಗಳು ಹೊರಡುತ್ತಿದ್ದುವು. ಕೊಲೆ, ಅತ್ಯಾಚಾರ, ಸುಡುವಿಕೆ ಮೊದಲಾದ ಕೃತ್ಯಗಳು ಸಾಕ್ಷ್ಯದಿಂದ ಸ್ಥಿರಪಟ್ಟಿವೆ. ಗಂಡಸರು, ಹೆಂಗಸರು, ಮಕ್ಕಳು ಎಂಬ ಭೇದವಿಲ್ಲದೆ ಬೆನ್ನಿನ ಕೆಳಗೆ ಉಳಿದಿದ್ದ ಬಾಸುಂಡೆಗಳಿಗೆ ಆ ಸೀಮೆಯಲ್ಲಿ ‘ಅರಾನಾನ ಮುದ್ರೆ’ ಎಂದೇ ಹೆಸರಾಗಿದ್ದಿತು. ಹೊಲಗಳನ್ನು ನೋಡಿಕೊಳ್ಳಲು ಬಿಡುವಿಲ್ಲದುದರಿಂದ ಹಸಿವೂ, ಹೊರಗಿನಿಂದ ಬಂದ ರೋಗಗಳೂ ಸೇರಿ ಜನಸಂಖ್ಯೆ ಇಳಿಯಿತು. ಹುಯಿಟೋಟೋ ಮತ್ತು ನೆರೆಯ ಜನಾಂಗಗಳಲ್ಲಿ ಸುಮಾರು ೩೦,೦೦೦ ಮಂದಿ ನಾಶವಾದರೆಂಬುದು ಆ ಕಾಲದ ಅಂದಾಜು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಕ್ರೌರ್ಯವನ್ನು ಕೆಲವು ದುಷ್ಟರ ಸ್ವಭಾವಕ್ಕೆ ಮಾತ್ರ ಆರೋಪಿಸಲು ಬರುವಂತಿಲ್ಲ. ಮಟಾಂಜಾಸ್ ಎಂಬ ವಿಭಾಗದ ಮುಖ್ಯಸ್ಥನಾಗಿದ್ದ ಅರ್ಮಾಂಡೋ ನಾರ್ಮಾಂಡನಂತಹವರು ಘೋರಕೃತ್ಯಗಳಿಗೆ ಹೆಸರಾದವರೇ ಸರಿ. ಆದರೆ ದಸ್ತೂರಿಯ ಪದ್ಧತಿಯನ್ನು ಏರ್ಪಡಿಸಿದವರು ಅವರಲ್ಲ. ಆ ಪದ್ಧತಿ ಇರುವವರೆಗೆ ಒಬ್ಬ ನಾರ್ಮಾಂಡನು ಹೋದರೆ ಇನ್ನೊಬ್ಬನಿಗೆ ಸ್ಥಳವಿದ್ದೇ ಇದ್ದಿತು. ಮೂಲನಿವಾಸಿಯ ಮೈಮೇಲಿನ ಬಾಸುಂಡೆಗೂ ಲಂಡನಿನ ಲೆಕ್ಕದ ಪುಸ್ತಕಕ್ಕೂ ಸಂಬಂಧ ಕಲ್ಪಿಸಿದುದು ಈ ದಸ್ತೂರಿಯೇ.

೪

ಈ ವಿಷಯವನ್ನು ಮೊದಲು ಬಯಲಿಗೆಳೆದವನು ಇಂಗ್ಲಿಷನಲ್ಲ. ಇಕೀಟೋಸಿನ ಪತ್ರಿಕೋದ್ಯಮಿ ಬೆನ್ಹಮೀನ್ ಸಲ್ದಾನ್ಯಾ ರೊಕ್ಕಾ ಎಂಬುವನು ೧೯೦೭ರಲ್ಲಿ ‘ಲಾ ಸಾಂಸಿಯೋನ್’, ‘ಲಾ ಫೆಲ್ಪಾ’ ಎಂಬ ತನ್ನ ಚಿಕ್ಕ ಪತ್ರಿಕೆಗಳಲ್ಲಿ, ಅರಾನಾನ ನೌಕರಿಯನ್ನು ಬಿಟ್ಟುಬಂದವರ ಪ್ರಮಾಣವಚನಗಳನ್ನು ಹೆಸರುಸಹಿತ ಅಚ್ಚುಮಾಡಿದನು. ಊರಿನ ವ್ಯಾಪಾರವೆಲ್ಲ ಯಾರ ಕೈಯಲ್ಲಿದ್ದಿತೋ ಅವನನ್ನೇ ಎದುರುಹಾಕಿಕೊಂಡು ಪತ್ರಿಕೆ ಬಹುಕಾಲ ನಡೆಯುವಂತಿರಲಿಲ್ಲ. ೧೯೦೮ರೊಳಗೆ ಅವು ನಿಂತುಹೋದುವು.

ಅದೇ ಕಾಲಕ್ಕೆ ವಾಲ್ಟರ್ ಹಾರ್ಡನ್‌ಬರ್ಗ್ ಎಂಬ ಅಮೆರಿಕದ ತರುಣ ರೈಲ್ವೆ ಎಂಜಿನಿಯರು ತನ್ನ ಸ್ನೇಹಿತನೊಬ್ಬನೊಡನೆ ಪುಟುಮಾಯೋ ನದಿಯಲ್ಲಿ ದೋಣಿಯ ಮೇಲೆ ಇಳಿದುಬರುತ್ತ, ೧೯೦೮ರ ಆದಿಯಲ್ಲಿ ಕಂಪನಿಯ ಜನರ ಕೈಗೆ ಸಿಕ್ಕಿ ಸೆರೆಯಾದನು. ಬಿಡುಗಡೆಯಾಗಿ ಇಕೀಟೋಸಿಗೆ ಬಂದ ಮೇಲೆ ಅಲ್ಲಿ ಬಹುಕಾಲ ನಿಂತು ಸಾಕ್ಷ್ಯವನ್ನು ಕೂಡಿಸಿ, ೧೯೦೯ರಲ್ಲಿ ಲಂಡನಿಗೆ ಹೋದನು. ಗುಲಾಮಗಿರಿಯ ನಿವಾರಣೆಗೂ ಮೂಲನಿವಾಸಿಗಳ ರಕ್ಷಣೆಗೂ ದುಡಿಯುತ್ತಿದ್ದ ಸಂಘದವರು ಅವನ ಮಾತನ್ನು ಕೇಳಿದರು. ೧೯೦೯ರ ಸೆಪ್ಟೆಂಬರಿನಿಂದ ‘ಟ್ರೂತ್’ ಎಂಬ ವಾರಪತ್ರಿಕೆಯಲ್ಲಿ ಅವನ ವೃತ್ತಾಂತವು ಹೊರಬಿದ್ದಿತು. ಆ ಲೇಖನಗಳ ತಲೆಬರಹದಲ್ಲಿಯೇ ಅದನ್ನು ಬ್ರಿಟಿಷರ ಒಡೆತನದ ಕಾಂಗೋ ಎಂದು ಕರೆದಿದ್ದರು. ಬೆಲ್ಜಿಯಂ ದೊರೆ ಲಿಯೋಪೋಲ್ಡನ ಕಾಂಗೋ ರಾಜ್ಯದ ರಬ್ಬರಿನ ಕಥೆಯನ್ನು ಓದಿ ಮರುಗಿದ್ದ ಇಂಗ್ಲಿಷ್ ಜನರಿಗೆ, ತಮ್ಮದೇ ರಾಜಧಾನಿಯಲ್ಲಿ ನೋಂದಾಯಿತವಾದ ಕಂಪನಿಯ ಸಂಗತಿ ಇದೆಂದು ತಿಳಿದು ನಾಚಿಕೆಯುಂಟಾಯಿತು.

ಕಂಪನಿಯು ಎಲ್ಲವನ್ನೂ ಅಲ್ಲಗಳೆದು, ದೂರು ಕೊಟ್ಟವನು ಹಣ ಕೀಳಲು ಬಂದ ವಂಚಕನೆಂದು ಹೇಳಿತು. ಬ್ರಿಟಿಷ್ ಸರ್ಕಾರಕ್ಕೂ ಮೊದಲಲ್ಲಿ ಮಧ್ಯೆ ಪ್ರವೇಶಿಸಲು ದಾರಿ ಕಾಣಲಿಲ್ಲ. ಪ್ರದೇಶವು ಪರರಾಜ್ಯದ್ದು, ಹಿಂಸೆಗೆ ಒಳಗಾದವರು ಪರರಾಜ್ಯದ ಪ್ರಜೆಗಳು. ದಾರಿ ತೆರೆದುದು ಒಂದು ಅನಿರೀಕ್ಷಿತವಾದ ಕಡೆಯಿಂದ. ೧೯೦೪-೦೫ರಲ್ಲಿ ಅರಾನಾನ ಕಡೆಯವರು ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಿಂದ ಸುಮಾರು ೨೦೦ ಮಂದಿ ಕಪ್ಪುಜನರನ್ನು ಕೂಲಿಗೆಂದು ಕರೆತಂದು, ಕೈಗೆ ಬಂದೂಕು ಚಾವಟಿಗಳನ್ನು ಕೊಟ್ಟಿದ್ದರು. ಇವರು ಬ್ರಿಟಿಷ್ ಪ್ರಜೆಗಳು. ಇವರ ಯೋಗಕ್ಷೇಮವನ್ನು ವಿಚಾರಿಸುವ ನೆಪದಿಂದ ವಿದೇಶಾಂಗ ಸಚಿವ ಸರ್ ಎಡ್ವರ್ಡ್ ಗ್ರೇಯು, ರಿಯೋ ಡಿ ಜನೈರೋವಿನಲ್ಲಿ ಮುಖ್ಯ ಕಾನ್ಸಲ್ ಆಗಿದ್ದ ರೋಜರ್ ಕೇಸ್‌ಮೆಂಟನನ್ನು ೧೯೧೦ರಲ್ಲಿ ಕಳುಹಿಸಿದನು. ಕಾಂಗೋ ಅತ್ಯಾಚಾರಗಳನ್ನು ಕುರಿತ ೧೯೦೪ರ ಪ್ರಸಿದ್ಧ ವರದಿ ಇವನದೇ. ಕಂಪನಿಯೂ ತನ್ನ ಕಡೆಯಿಂದ ಒಂದು ತನಿಖೆಯ ಆಯೋಗವನ್ನು ಅದೇ ಹಡಗಿನಲ್ಲಿ ಕಳುಹಿಸಿತು.

ಕೇಸ್‌ಮೆಂಟನು ಸೆಪ್ಟೆಂಬರಿನಲ್ಲಿ ಲಾ ಚೊರೆರಾವನ್ನು ಸೇರಿ, ಅಲ್ಲಿ ಇನ್ನೂ ಉಳಿದಿದ್ದ ಬಾರ್ಬಡೋಸಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ಸುಮಾರು ೩೦ ಮಂದಿಯ ಹೇಳಿಕೆಗಳನ್ನು ಬರೆದುಕೊಂಡನು. ಹೊಡೆದವರೂ ಅವರೇ, ಹೊಡೆಯಲೊಪ್ಪದೆ ಹೊಡೆತ ತಿಂದವರೂ ಅವರೇ, ಕಂಪನಿಯ ಅಂಗಡಿಯ ಸಾಲದಲ್ಲಿ ಸಿಕ್ಕಿ ಊರಿಗೆ ಹಿಂದಿರುಗಲಾರದೆ ಇದ್ದವರೂ ಅವರೇ. ತಮ್ಮ ಕೈಯಿಂದ ನಡೆದುದನ್ನು ಅವರು ಒಪ್ಪಿಕೊಂಡರು. ಕೆಲವರನ್ನು ಮುಖ್ಯಸ್ಥರ ಎದುರಿನಲ್ಲಿಯೇ ನಿಲ್ಲಿಸಿ ಕೇಳಿದಾಗಲೂ ಮಾತು ಬದಲಿಸಲಿಲ್ಲ. ಮದರಾಸಿನ ೧೮೫೫ರ ವಿಚಾರಣೆಯಲ್ಲಿ ಕೆಳನೌಕರನ ತಪ್ಪು ಮೇಲಿನವನಿಗೆ ಕವಚವಾಗಿದ್ದಿತು. ಇಲ್ಲಿ ಕೆಳನೌಕರನ ಒಪ್ಪಿಗೆಯೇ ಮೇಲಿನವನ ವಿರುದ್ಧ ಸಾಕ್ಷ್ಯವಾಯಿತು. ಕಂಪನಿಯ ಆಯೋಗದವರೂ ಕೊನೆಗೆ ಅವನ ನಿರ್ಣಯಗಳನ್ನೇ ಸಮರ್ಥಿಸಿದರು.

೫

ಕೇಸ್‌ಮೆಂಟನ ವರದಿಯು ೧೯೧೧ರ ಮಾರ್ಚಿಯಲ್ಲಿ ಸರ್ಕಾರಕ್ಕೆ ಮುಟ್ಟಿತು. ಪೆರುವಿನ ಸರ್ಕಾರದ ಮೇಲೆ ಒತ್ತಾಯ ಬಿದ್ದು, ನ್ಯಾಯಾಧೀಶ ರೋಮುಲೋ ಪರೇದೆಸನು ಪುಟುಮಾಯೋವಿಗೆ ಹೋಗಿ ಇನ್ನೂರಕ್ಕೂ ಹೆಚ್ಚು ಮಂದಿಯ ಮೇಲೆ ಬಂಧನದ ಆಜ್ಞೆಗಳನ್ನು ಹೊರಡಿಸಿದನು. ಸಿಕ್ಕವರು ಕೆಲವರು ಮಾತ್ರ. ಮುಖ್ಯರಾದವರು ಗಡಿ ದಾಟಿ ಮರೆಯಾದರು. ಆಜ್ಞೆಗಳು ಕಾಗದದಲ್ಲಿಯೇ ಉಳಿದುವೆಂದು ಕಂಡಮೇಲೆ ಬ್ರಿಟಿಷ್ ಸರ್ಕಾರವು ೧೯೧೨ರ ಜುಲೈಯಲ್ಲಿ ವರದಿಯನ್ನು ಅಚ್ಚುಮಾಡಿ ಪ್ರಕಟಿಸಿತು. ಆಗಸ್ಟಿನಲ್ಲಿ ಕ್ಯಾನನ್ ಹೆನ್ಸನ್ ಎಂಬ ಧರ್ಮಗುರುವು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ವೇದಿಕೆಯಿಂದಲೇ ಇಂಗ್ಲಿಷ್ ನಿರ್ದೇಶಕರ ಹೆಸರುಗಳನ್ನು ಹೇಳಿ ಖಂಡಿಸಿದನು.

ಈ ನಡುವೆ ಕಂಪನಿಯ ಸ್ಥಿತಿಯೂ ಕೆಟ್ಟು, ೧೯೧೧ರ ಸೆಪ್ಟೆಂಬರಿನಲ್ಲಿ ಅದು ತಾನಾಗಿಯೇ ಬಾಗಿಲು ಮುಚ್ಚುವ ನಿರ್ಣಯ ಮಾಡಿದ್ದಿತು. ಆಸ್ತಿಪಾಸ್ತಿಗಳನ್ನು ವಿಲೇವಾರಿ ಮಾಡುವುದಕ್ಕೆ ನೇಮಿತನಾದವನು ಅರಾನಾನೇ! ೧೯೧೩ರ ಮಾರ್ಚಿಯಲ್ಲಿ ಲಂಡನಿನ ನ್ಯಾಯಾಧೀಶ ಸ್ವಿನ್‌ಫೆನ್ ಈಡಿಯು, ಈ ಕೆಲಸಕ್ಕೆ ಅವನಷ್ಟು ಅಯೋಗ್ಯನು ಮತ್ತೊಬ್ಬನಿಲ್ಲವೆಂಬ ಅಭಿಪ್ರಾಯದಿಂದ ಅವನನ್ನು ತೆಗೆದುಹಾಕಿ, ಕಂಪನಿಯನ್ನು ನ್ಯಾಯಾಲಯದ ಮೂಲಕವೇ ಮುಚ್ಚಬೇಕೆಂದು ಆಜ್ಞೆಮಾಡಿದನು.

ಕಾಮನ್ಸ್ ಸಭೆಯು ನೇಮಿಸಿದ ವಿಶೇಷ ಸಮಿತಿಯು ಚಾರ್ಲ್ಸ್ ರಾಬರ್ಟ್ಸನ ಅಧ್ಯಕ್ಷತೆಯಲ್ಲಿ ೧೯೧೨ರ ನವೆಂಬರಿನಿಂದ ಮರುವರ್ಷದವರೆಗೆ ಕುಳಿತು ಸಾಕ್ಷ್ಯವನ್ನು ಕೇಳಿತು. ಘೋರಕೃತ್ಯಗಳು ನಡೆದುವೇ ಇಲ್ಲವೇ ಎಂಬುದು ಅದರ ಮುಂದಿದ್ದ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಅದು ಅದಾಗಲೇ ತೀರ್ಮಾನವಾಗಿದ್ದಿತು. ಇಂಗ್ಲಿಷ್ ನಿರ್ದೇಶಕರಿಗೆ ಎಷ್ಟು ಹೊಣೆ, ಇರುವ ಕಾನೂನು ಅವರನ್ನು ಮುಟ್ಟುವುದೇ ಎಂಬುದೇ ಪ್ರಶ್ನೆ.

ಭಾಷೆಯ ಅಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಪ್ರಸಂಗ ಈ ವಿಚಾರಣೆಯಲ್ಲಿದೆ. ಕಂಪನಿಯ ಲೆಕ್ಕಗಳಲ್ಲಿ ‘ಗಾಸ್ಟೋಸ್ ದೆ ಕೊಂಕಿಸ್ಟಾಸಿಯೋನ್’ ಎಂಬ ಒಂದು ಖರ್ಚಿನ ಬಾಬು ಇದ್ದಿತು. ಮಾತಿನಂತೆ ಅರ್ಥಮಾಡಿದರೆ ‘ಗೆಲ್ಲುವುದಕ್ಕಾದ ವೆಚ್ಚ’ ಎಂದಾಗುತ್ತದೆ. ವ್ಯಾಪಾರದ ಅಢಾವೆಯಲ್ಲಿ ದಿಗ್ವಿಜಯದ ವೆಚ್ಚವೇಕೆಂದು ಸಮಿತಿಯು ಅರಾನಾನನ್ನು ಕೇಳಿತು. ಆ ಶಬ್ದವು ಇಂಗ್ಲಿಷಿನಲ್ಲಿ ಬಿರುಸಾಗಿ ಕೇಳಿಸಬಹುದು, ಆದರೆ ಸ್ಪ್ಯಾನಿಷಿನಲ್ಲಿ ಒಬ್ಬನ ಮನಸ್ಸನ್ನು ಒಲಿಸಿಕೊಳ್ಳುವುದಕ್ಕೂ ಅದನ್ನೇ ಬಳಸುತ್ತೇವೆ ಎಂದು ಅವನು ಉತ್ತರಿಸಿದನು. ನಿಘಂಟಿನ ಮಟ್ಟಿಗೆ ಅವನ ಮಾತು ಸುಳ್ಳಲ್ಲ. ಕನ್ನಡದಲ್ಲಿಯೂ ‘ಗೆಲ್ಲು’ ಎಂಬ ಧಾತುವು ಯುದ್ಧಕ್ಕೂ ಸಲ್ಲುತ್ತದೆ, ‘ಮನಗೆಲ್ಲು’ ಎಂಬಲ್ಲಿ ಸ್ನೇಹಕ್ಕೂ ಸಲ್ಲುತ್ತದೆ. ಆದರೆ ಶಬ್ದದ ಅರ್ಥವನ್ನು ನಿಘಂಟು ಮಾತ್ರವೇ ನಿರ್ಣಯಿಸುವುದಿಲ್ಲ, ಸಂದರ್ಭವು ನಿರ್ಣಯಿಸುತ್ತದೆ. ಒಲಿಸಿಕೊಳ್ಳುವ ಕೆಲಸಕ್ಕೆ ಕೋಳವೂ ಬಂದೂಕೂ ಬೇಕಾದ ಸಂದರ್ಭದಲ್ಲಿ ಆ ಶಬ್ದಕ್ಕೆ ಎರಡನೆಯ ಅರ್ಥ ಹೊಂದಲಾರದು.

ಈ ಪ್ರಸಂಗದ ಮಹತ್ವವು ಶಬ್ದಾರ್ಥದಲ್ಲಿ ಮಾತ್ರವೇ ಇಲ್ಲ. ಕಾಡಿನಲ್ಲಿ ನಡೆಯುತ್ತಿದ್ದುದರ ಸುಳಿವು ಲಂಡನಿನ ಕಚೇರಿಗೆ ಯಾವನೋ ವೈರಿಯ ಮೂಲಕ ಬರಬೇಕಾಗಿರಲಿಲ್ಲ; ಕಂಪನಿಯ ಸ್ವಂತ ಲೆಕ್ಕದಲ್ಲಿಯೇ ಅದು ಬರೆದಿದ್ದಿತು. ದಸ್ತೂರಿಯ ಏರ್ಪಾಡೂ ಕಂಪನಿಯದೇ. ೧೯೦೯ರಲ್ಲಿ ಲಂಡನಿನಿಂದ ಪುಟುಮಾಯೋವಿಗೇ ಹೋಗಿದ್ದ ಲೆಕ್ಕತನಿಖೆಗಾರನು ಅಂಕೆಗಳನ್ನು ನೋಡಿ ಬಂದನು. ದುಡಿಯುವವರ ಸ್ಥಿತಿಯನ್ನು ಕುರಿತು ದೂರಬೇಕಾದುದೇನನ್ನೂ ಕಾಣಲಿಲ್ಲ. ಅವನನ್ನೇ ಕಂಪನಿಯು ತರುವಾಯ ಕಾರ್ಯದರ್ಶಿಯನ್ನಾಗಿ ನೇಮಿಸಿಕೊಂಡಿತು. ನಿರ್ದೇಶಕರಾದರೋ ತಮಗೆ ಸ್ಪ್ಯಾನಿಷ್ ಬಾರದೆಂದೂ, ಅರಾನಾನ ಮಾತನ್ನು ನಂಬಿದೆವೆಂದೂ, ದೂರದ ಕಾಡಿನ ಸಂಗತಿ ತಮಗೆ ತಿಳಿಯುವಂತಿರಲಿಲ್ಲವೆಂದೂ ಹೇಳಿಕೊಂಡರು.

ಸಮಿತಿಯ ವರದಿಯು ೧೯೧೩ರಲ್ಲಿ ಹೊರಬಿದ್ದಿತು. ಅರಾನಾನಿಗೆ ಕೃತ್ಯಗಳ ಅರಿವೂ ಹೊಣೆಯೂ ಇದ್ದುವೆಂದು ಅದು ನಿರ್ಣಯಿಸಿತು. ಬ್ರಿಟಿಷ್ ನಿರ್ದೇಶಕರ ವಿಷಯದಲ್ಲಿ ಅದರ ತೀರ್ಮಾನ ಎರಡು ಭಾಗಗಳುಳ್ಳದ್ದು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಗಳ ಪ್ರಕಾರ ಅವರು ಅಪರಾಧಿಗಳಾಗುವುದಿಲ್ಲ. ಏಕೆಂದರೆ ಆ ಕಾಯಿದೆಗಳು ತಿಳಿದು ಮಾಡಿದವನನ್ನು ಮಾತ್ರ ಹಿಡಿಯುತ್ತವೆ. ಆದರೂ ದುಡಿಯುವವರ ಸ್ಥಿತಿಯನ್ನು ವಿಚಾರಿಸದೆ ಇದ್ದುದರಲ್ಲಿ ಅವರು ದೂಷ್ಯವಾದ ಅಲಕ್ಷ್ಯವನ್ನು ತೋರಿದ್ದಾರೆ; ಆ ನೈತಿಕ ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ಕಾನೂನಿನ ಈ ಕೊರತೆಯನ್ನು ತಿದ್ದಬೇಕೆಂದೂ ಸಮಿತಿಯು ಸಲಹೆಮಾಡಿತು. ಮರುವರ್ಷವೇ ಮಹಾಯುದ್ಧವು ಪ್ರಾರಂಭವಾಯಿತು, ಸಲಹೆಯು ಕಾಯಿದೆಯಾಗಲಿಲ್ಲ.

೬

ಈ ಪ್ರಕರಣದ ಪಾತ್ರಗಳ ಮುಂದಿನ ಕಥೆಯು ಸಂಕ್ಷೇಪವಾಗಿ ಹೀಗಿದೆ. ಇಂಗ್ಲಿಷ್ ನಿರ್ದೇಶಕರಲ್ಲಿ ಒಬ್ಬನೂ ಶಿಕ್ಷೆಗೆ ಒಳಗಾಗಲಿಲ್ಲ. ೧೯೧೧ರಲ್ಲಿ ‘ಸರ್’ ಬಿರುದನ್ನು ಪಡೆದ ಕೇಸ್‌ಮೆಂಟನು ಐರ್ಲೆಂಡಿನ ಸ್ವಾತಂತ್ರ್ಯದ ಪ್ರಯತ್ನಕ್ಕಾಗಿ ರಾಜದ್ರೋಹದ ಆಪಾದನೆ ಹೊತ್ತು, ೧೯೧೬ರ ಆಗಸ್ಟ್ ೩ರಂದು ಲಂಡನಿನಲ್ಲಿ ಗಲ್ಲಿಗೇರಿದನು. ಅರಾನಾನು ಪೆರುವಿಗೆ ಹಿಂದಿರುಗಿ, ೧೯೨೦ರ ದಶಕದಲ್ಲಿ ಲೊರೆಟೋ ಪ್ರಾಂತದ ಪ್ರತಿನಿಧಿಯಾಗಿ ಸೆನೆಟಿನಲ್ಲಿ ಕುಳಿತನು, ೧೯೫೨ರಲ್ಲಿ ಮೃತನಾದನು. ಕೋಳಗಳು ಬಿಚ್ಚಿದುದು ನ್ಯಾಯದ ಬಲದಿಂದ ಎನ್ನುವುದಕ್ಕಿಂತ ಪೇಟೆಯ ಬಲದಿಂದ ಎನ್ನಬಹುದು. ಸಿಂಹಳ ಮಲಯಗಳ ತೋಟಗಳ ರಬ್ಬರು ಹೇರಳವಾಗಿ ಬಂದು ೧೯೧೦ರ ತರುವಾಯ ಬೆಲೆ ಕುಸಿದಾಗ, ಕಾಡಿನ ರಬ್ಬರಿಗಾಗಿ ಮನುಷ್ಯರನ್ನು ಹಿಂಸಿಸುವುದು ಲಾಭಕರವಾಗಿ ಉಳಿಯಲಿಲ್ಲ.

ಪ್ರದೇಶವು ೧೯೨೨ರ ಒಪ್ಪಂದದಂತೆ ಕೊಲಂಬಿಯಕ್ಕೆ ಸಲ್ಲಬೇಕೆಂದು ಗೊತ್ತಾದಾಗ, ಅರಾನಾನ ಕಡೆಯವರು ಉಳಿದಿದ್ದ ಜನರಲ್ಲಿ ಸಾವಿರಾರು ಮಂದಿಯನ್ನು ನದಿಯಾಚೆಯ ಪೆರುವಿನ ನೆಲಕ್ಕೆ ಸಾಗಿಸಿದರು. ಭೂಮಿಯ ಹಕ್ಕುಪತ್ರವು ೧೯೩೯ರಲ್ಲಿ ಕೊಲಂಬಿಯದ ಕೃಷಿಬ್ಯಾಂಕಿಗೆ ಮಾರಾಟವಾಯಿತು. ೧೯೮೮ರಲ್ಲಿ ಮಾತ್ರ ಸುಮಾರು ೫೮ ಲಕ್ಷ ಹೆಕ್ಟೇರುಗಳ ಆ ಅರಣ್ಯವು ಅಲ್ಲಿನ ಮೂಲಜನಾಂಗಗಳ ಸಾಮೂಹಿಕ ಸ್ವತ್ತೆಂದು ಮನ್ನಿತವಾಯಿತು. ಲಾ ಚೊರೆರಾದ ಅರಾನಾನ ಕೋಠಿಯು ಶಾಲೆಯಾಗಿ ಪರಿಣಮಿಸಿತು. ೨೦೧೨ರ ಅಕ್ಟೋಬರ್ ೧೨ರಂದು ಕೊಲಂಬಿಯದ ಅಧ್ಯಕ್ಷ ಹ್ವಾನ್ ಮ್ಯಾನ್ವೆಲ್ ಸಾಂಟೋಸನು ರಾಜ್ಯದ ಪರವಾಗಿ ಆ ಜನರ ಕ್ಷಮೆ ಬೇಡಿದನು. ಕಂಪನಿಯ ಪರವಾಗಿ ಕ್ಷಮೆ ಬೇಡುವುದಕ್ಕೆ ಅಷ್ಟರಲ್ಲಿ ಕಂಪನಿಯೇ ಇರಲಿಲ್ಲ. ಸಾವಿಲ್ಲದ ವ್ಯಕ್ತಿಯೆಂದು ಕೋಕನು ವರ್ಣಿಸಿದ ಕೂಡುಸಂಸ್ಥೆಯು ಲೆಕ್ಕ ಒಪ್ಪಿಸಬೇಕಾದ ಕಾಲಕ್ಕೆ ಸಾಯಬಲ್ಲುದೆಂಬುದಕ್ಕೆ ಇದು ನಿದರ್ಶನ.

೭

ಪುಟುಮಾಯೋ ಸಮಿತಿಯು ಎತ್ತಿದ ಪ್ರಶ್ನೆಯು ಅಲ್ಲಿಗೆ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ನ್ಯೂರೆಂಬರ್ಗಿನಲ್ಲಿ ಅಮೆರಿಕದ ಸೇನಾನ್ಯಾಯಾಲಯವು ಜರ್ಮನಿಯ ಐ. ಜಿ. ಫಾರ್ಬೆನ್ ರಸಾಯನ ಕಂಪನಿಯ ೨೩ ಮಂದಿ ಪ್ರಮುಖರ ವಿಚಾರವನ್ನು ತೀರ್ಮಾನಿಸಿ, ೧೯೪೮ರಲ್ಲಿ ೧೩ ಮಂದಿಯನ್ನು ದೋಷಿಗಳೆಂದು ಘೋಷಿಸಿತು. ಆಶ್‌ವಿಟ್ಸ್ ಸೆರೆಶಿಬಿರದ ಬಂದಿಗಳಿಂದ ದುಡಿಸಿಕೊಂಡುದು ಅವರಲ್ಲಿ ಕೆಲವರ ಅಪರಾಧಗಳಲ್ಲೊಂದು. ಅಲ್ಲಿಯೂ ಕಟಕಟೆಯಲ್ಲಿ ನಿಂತವರು ಮನುಷ್ಯರು; ಕಂಪನಿಯು ಪ್ರತಿವಾದಿಯಾಗಿರಲಿಲ್ಲ. ೨೦೧೧ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಲಿಯು ಅಂಗೀಕರಿಸಿದ ಮಾರ್ಗದರ್ಶಿ ಸೂತ್ರಗಳು, ತನ್ನ ವ್ಯವಹಾರದಿಂದ ಮನುಷ್ಯರಿಗೆ ಹಾನಿಯಾಗುತ್ತಿದೆಯೇ ಎಂದು ಮುಂದಾಗಿ ವಿಚಾರಿಸಿ ತಿಳಿದುಕೊಳ್ಳುವುದು ಉದ್ಯಮದ ಕರ್ತವ್ಯವೆಂದು ಸಾರಿದುವು. ಫ್ರಾನ್ಸು ೨೦೧೭ರಲ್ಲಿ ದೊಡ್ಡ ಕಂಪನಿಗಳ ಮಟ್ಟಿಗೆ ಇದನ್ನು ಕಾಯಿದೆಯನ್ನಾಗಿಯೇ ಮಾಡಿತು. ೨೦೧೯ರಲ್ಲಿ ಬ್ರಿಟನ್ನ ಸರ್ವೋಚ್ಚ ನ್ಯಾಯಾಲಯವು, ಝಾಂಬಿಯದ ತಾಮ್ರದ ಗಣಿಯೊಂದರಿಂದ ತಮ್ಮ ನೀರೂ ನೆಲವೂ ಕೆಟ್ಟುವೆಂದು ದೂರಿದ ಗ್ರಾಮಸ್ಥರು ಆ ಗಣಿಯ ಮಾತೃಕಂಪನಿಯ ಮೇಲೆ ಇಂಗ್ಲೆಂಡಿನಲ್ಲಿಯೇ ದಾವೆ ಹೂಡಬಹುದೆಂದು ತೀರ್ಪಿತ್ತಿತು.

ಇವೆಲ್ಲವುಗಳಲ್ಲಿಯೂ ಒಂದು ಸಾಮಾನ್ಯವಾದ ಗತಿ ಕಂಡುಬರುತ್ತದೆ. ೧೮೫೫ರಲ್ಲಿ ‘ತಿಳಿಯದು’ ಎಂಬುದು ಪೂರ್ಣವಾದ ಉತ್ತರವಾಗಿದ್ದಿತು. ೧೯೧೩ರಲ್ಲಿ ಅದು ನೀತಿಯ ದೃಷ್ಟಿಯಿಂದ ಸಾಲದೆಂದಾಯಿತು, ಕಾನೂನಿನ ದೃಷ್ಟಿಯಿಂದ ಸಾಕಾಯಿತು. ಅಲ್ಲಿಂದೀಚಿನ ಪ್ರಯತ್ನವೆಲ್ಲ, ತಿಳಿದುಕೊಳ್ಳುವುದನ್ನೇ ಕರ್ತವ್ಯವನ್ನಾಗಿ ವಿಧಿಸಿ ಕಾನೂನನ್ನು ನೀತಿಯ ಸಮಕ್ಕೆ ತರುವ ಪ್ರಯತ್ನ. ಅದು ಎಲ್ಲ ದೇಶಗಳಲ್ಲಿಯೂ ನೆರವೇರಿದೆಯೆಂದು ಹೇಳಲಾಗದು. ಬ್ರಿಟನ್ನಿನದೇ ೨೦೧೫ರ ಆಧುನಿಕ ಗುಲಾಮಗಿರಿಯ ಕಾಯಿದೆಯು ದೊಡ್ಡ ಕಂಪನಿಗಳಿಂದ ವರ್ಷಕ್ಕೊಂದು ಹೇಳಿಕೆಯನ್ನು ಕೇಳಿತೇ ಹೊರತು, ಗುಲಾಮಗಿರಿಯನ್ನು ತಡೆಯಲು ಏನನ್ನೂ ಮಾಡಲಿಲ್ಲವೆಂದು ಹೇಳಿಕೊಳ್ಳುವುದಕ್ಕೂ ಅದರಲ್ಲಿ ಅವಕಾಶವಿದ್ದಿತು.

ಕೊನೆಯದಾಗಿ ಒಂದು ಸಂಗತಿಯನ್ನು ಹೇಳಬೇಕು. ಪುಟುಮಾಯೋ ಸಮಿತಿಯ ಮುಂದೆ ಕಾನ್ಸಲರು, ವ್ಯಾಪಾರಿಗಳು, ನಿರ್ದೇಶಕರು, ಲೆಕ್ಕಿಗರು ಸಾಕ್ಷಿ ಹೇಳಿದರು, ಅರಾನಾನೂ ಹೇಳಿದನು. ಹುಯಿಟೋಟೋ ಅಥವಾ ಬೋರಾ ಜನರಲ್ಲಿ ಒಬ್ಬನೂ ಹೇಳಲಿಲ್ಲ. ಅವರ ಕಷ್ಟವು ಇತರರ ಬಾಯಿಂದ, ಇತರರ ಭಾಷೆಯಲ್ಲಿ ದಾಖಲೆಗೆ ಬಂದಿತು. ‘ಕೊಂಕಿಸ್ಟಾಸಿಯೋನ್’ ಎಂಬ ಶಬ್ದಕ್ಕೆ ಲಂಡನಿನಲ್ಲಿ ಎರಡು ಅರ್ಥಗಳ ಚರ್ಚೆ ನಡೆಯುತ್ತಿದ್ದಾಗ, ಅದರ ಒಂದೇ ಅರ್ಥವನ್ನು ಮೈಯಿಂದ ಅರಿತಿದ್ದವರನ್ನು ಕೇಳಿದವರಿರಲಿಲ್ಲ. ಝಾಂಬಿಯದ ಗ್ರಾಮಸ್ಥರು ವಾದಿಗಳಾಗಿ ತಮ್ಮ ಹೆಸರಿನಲ್ಲಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದುದನ್ನು ಇದರೊಡನೆ ಹೋಲಿಸಿದರೆ, ೧೯೧೩ಕ್ಕೂ ೨೦೧೯ಕ್ಕೂ ನಡುವೆ ಸಂದ ಬದಲಾವಣೆ ಎಷ್ಟೆಂಬುದು ಗೊತ್ತಾಗುತ್ತದೆ.